ಅಣ್ಣನ ಜೀನ್ ರಿಪೋರ್ಟ್‌ನಲ್ಲಿ ಆರ್‌ಬಿಎಂ20 ಅಂತ ಇದೆ, ಹುಡುಕಿದರೆ ಇಲಿಯ ಜೀನ್ ಬರುತ್ತದೆ. ಎರಡೂ ಒಂದೇನಾ?

ಸಾಗರದ ತೋಟ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಯಾಲಜಿ ಓದಿದವರು, ಲ್ಯಾಬ್‌ಗಳಲ್ಲಿ ಕೆಲಸ ಮಾಡಿದವರು ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನನ್ನ ಅಣ್ಣನಿಗೆ 41 ವರ್ಷ. ನಮ್ಮದು ಅಡಿಕೆ ತೋಟ. ಅವನಿಗೆ ಬೀಡಿ ಸಿಗರೇಟು ಇಲ್ಲ, ಕುಡಿತ ಇಲ್ಲ. ಕಳೆದ ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಸುತ್ತಿದ್ದ ದಿನ, ಬೋರ್ಡೋ ಡ್ರಮ್ಮಿನ ಪಕ್ಕ ನಿಂತವನು ಹಾಗೇ ಕುಸಿದ. ಎರಡು ನಿಮಿಷದಲ್ಲಿ ಎದ್ದು ಕೂತು "ಏನಿಲ್ಲ, ಬಿಸಿಲಿಗೆ" ಅಂದ. ಅವತ್ತು ಬಿಸಿಲೇ ಇರಲಿಲ್ಲ.

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಕೋದಲ್ಲಿ ಪಂಪಿಂಗ್ 30 ಪರ್ಸೆಂಟ್ ಅಂತ ಬಂತು. ಆಂಜಿಯೋಗ್ರಾಂ ಮಾಡಿದರೆ ಬ್ಲಾಕ್ ಒಂದೂ ಇಲ್ಲ. ಹಾರ್ಟ್ ಹಿಗ್ಗಿದೆ, ಡಿಸಿಎಂ (ಡೈಲೇಟೆಡ್ ಕಾರ್ಡಿಯೋಮಯೋಪತಿ) ಅಂದರು. ನಮ್ಮ ಅಪ್ಪ 47ನೇ ವಯಸ್ಸಿಗೆ ಹೋದರು. ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಆ ವಿಷಯ ಹೇಳಿದ ಮೇಲೆ ಡಾಕ್ಟರು ಅಣ್ಣನ ರಕ್ತವನ್ನು ಜೀನ್ ಟೆಸ್ಟ್‌ಗೆ ಕಳಿಸಿದರು. ರಿಪೋರ್ಟ್ ಬಂದಿದೆ. ಆರ್‌ಬಿಎಂ20 ಅನ್ನುವ ಜೀನ್, 636ನೇ ಜಾಗದಲ್ಲಿ ಅರ್ಜಿನೈನ್ ಬದಲು ಸೆರಿನ್, ಪ್ಯಾಥೋಜೆನಿಕ್, ಅಂದರೆ ಕಾಯಿಲೆ ತರುವಂಥದ್ದು, ಅಂತ ಬರೆದಿದೆ. ಕೊಟ್ಟವರು ಎರಡು ನಿಮಿಷವೂ ಮಾತಾಡಲಿಲ್ಲ. "ಫ್ಯಾಮಿಲಿಯಲ್ಲಿ ಬರುವಂಥದ್ದು" ಅಂದರು, ಮುಂದಿನ ಹೆಸರು ಕರೆದರು.

ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ಮೊದಲು ಬಂದ ಪುಟದಲ್ಲೇ ಇದು ಇಲಿಯ ಜೀನ್, ಎಂಆರ್‌ಎನ್‌ಎ ಸ್ಪ್ಲೈಸಿಂಗ್‌ನಲ್ಲಿ ಕೆಲಸ ಮಾಡುತ್ತದೆ ಅಂತಿತ್ತು. ಹೃದಯದ ಮಾತು ಅಲ್ಲೆಲ್ಲೋ ಕೆಳಗೆ. ಪರಿಚಯದವರೊಬ್ಬರು "ಇಲಿಯ ಮೇಲೆ ಮಾಡಿದ್ದನ್ನು ಮನುಷ್ಯರಿಗೆ ಹಚ್ಚುತ್ತಾರೆ, ಸುಮ್ನೆ ದುಡ್ಡು ದಂಡ, ನಂಬಬೇಡ" ಅಂದರು. ಅಣ್ಣ ಆ ಮಾತನ್ನೇ ಹಿಡಿದುಕೊಂಡಿದ್ದಾನೆ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ. ಅವನಿಗೆ 13 ವರ್ಷದ ಮಗಳು, 9 ವರ್ಷದ ಮಗ ಇದ್ದಾರೆ. ನನಗೆ 36.

ಈ ಇಲಿಯ ಜೀನಿಗೂ ಅಣ್ಣನ ಹೃದಯಕ್ಕೂ ನಿಜವಾಗಿ ಸಂಬಂಧ ಇದೆಯಾ? ಅವನಿಗೆ ಕೂರಿಸಿ ಹೇಳುವಷ್ಟು ನನಗೆ ಅರ್ಥವಾಗಬೇಕು.

ಪಿಯು ಬಯಾಲಜಿ ಮೇಷ್ಟ್ರು

ತಮ್ಮಾ, ಮೊದಲು ಹೆಸರಿನ ಗೊಂದಲ ಬಿಡಿಸುತ್ತೇನೆ. ಬಾಕಿಯನ್ನು ನನಗಿಂತ ಚೆನ್ನಾಗಿ ಬಲ್ಲವರು ಹೇಳಲಿ.

ಮನುಷ್ಯ, ಇಲಿ, ಹಂದಿ, ಎಲ್ಲದರಲ್ಲೂ ಈ ಜೀನ್ ಇದೆ. ಎಲ್ಲಕ್ಕೂ ಒಂದೇ ಹೆಸರು. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಮನುಷ್ಯನದಕ್ಕೆ ಪೂರ್ತಿ ದೊಡ್ಡ ಅಕ್ಷರ, ಇಲಿಯದಕ್ಕೆ ಮೊದಲ ಅಕ್ಷರ ಮಾತ್ರ ದೊಡ್ಡದು. ನಮ್ಮಲ್ಲಿ ಅದು 10ನೇ ಕ್ರೋಮೋಸೋಮಿನಲ್ಲಿದೆ, ಇಲಿಯಲ್ಲಿ 1ನೆಯದರಲ್ಲಿ. ನೀವು ನೋಡಿದ್ದು ಇಲಿಯ ಪುಟ. ಪುಟ ಬೇರೆ, ಆದರೆ ಜೀನ್ ಅದೇ ವಂಶದ್ದು.

ಇನ್ನು ಸ್ಪ್ಲೈಸಿಂಗ್. ಡಿಎನ್‌ಎಯಲ್ಲಿ ಪ್ರೋಟೀನಿನ ಪಾಠ ಒಂದೇ ಸಮನೆ ಬರೆದಿರುವುದಿಲ್ಲ. ಬೇಕಾದ ತುಂಡು, ನಡುವೆ ಬೇಡದ ತುಂಡು, ಮತ್ತೆ ಬೇಕಾದದ್ದು, ಹೀಗಿರುತ್ತದೆ. ನಕಲು ತೆಗೆದ ಮೇಲೆ ಬೇಡದ್ದನ್ನು ಕತ್ತರಿಸಿ ಬೇಕಾದದ್ದನ್ನು ಜೋಡಿಸುವ ಕೆಲಸಕ್ಕೇ ಸ್ಪ್ಲೈಸಿಂಗ್ ಅನ್ನುವುದು. ಇದು ಗೊತ್ತಾದದ್ದು 1977ರಲ್ಲಿ. ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು. ಒಂದೇ ಜೀನಿನಿಂದ ಬೇರೆ ಬೇರೆ ಜೋಡಣೆ ಆಗಬಹುದು ಎನ್ನುವುದಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿದ್ದೂ ಇಲಿಯಲ್ಲೇ, 1982ರಲ್ಲಿ. ಒಂದೇ ಜೀನ್ ಥೈರಾಯ್ಡಿನಲ್ಲಿ ಕ್ಯಾಲ್ಸಿಟೋನಿನ್ ಕೊಡುತ್ತದೆ, ನರಕೋಶದಲ್ಲಿ ಬೇರೆಯದೇ ಒಂದು ಪದಾರ್ಥ ಕೊಡುತ್ತದೆ. ನಾನು ಕ್ಲಾಸಿನಲ್ಲಿ ಪ್ರತಿ ವರ್ಷ ಇದನ್ನೇ ಹೇಳುವುದು.

ಲಿಂಗಾಂಬುಧಿ ದಂಡೆ

ಸಾಗರದ ತಮ್ಮನಿಗೆ, ನಿಮ್ಮ ಪ್ರಶ್ನೆ ನೋಡಿ ಒಲೆ ಆರಿಸಿ ಬಂದು ಕೂತೆ. ನಾನು ಆರು ವರ್ಷ ಅಮೆರಿಕದಲ್ಲಿ ಸ್ನಾಯು ಪ್ರೋಟೀನಿನ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಈಗ ಮೈಸೂರಿನಲ್ಲಿದ್ದೇನೆ. ನಾನು ಡಾಕ್ಟರಲ್ಲ. ಆದರೆ ನಿಮ್ಮ ಅಣ್ಣನ ಜೀನ್ ಏನು ಮಾಡುತ್ತದೆ ಅನ್ನುವುದನ್ನು ಕಣ್ಣಾರೆ ನೋಡಿದ್ದೇನೆ. ಅದನ್ನೇ ಹೇಳುತ್ತೇನೆ.

ಹೃದಯದ ಸ್ನಾಯುವಿನೊಳಗೆ ಟೈಟಿನ್ ಅಂತ ಒಂದು ಪ್ರೋಟೀನ್ ಇದೆ. ನಮ್ಮ ದೇಹದಲ್ಲಿ ಇದಕ್ಕಿಂತ ದೊಡ್ಡ ಪ್ರೋಟೀನ್ ಇಲ್ಲ. ಇನ್ಸುಲಿನ್‌ನ ತೂಕ ಸುಮಾರು 5,800 ಡಾಲ್ಟನ್ ಆದರೆ ಟೈಟಿನ್‌ದು 30 ಲಕ್ಷ ಡಾಲ್ಟನ್ ಮೇಲೆ. ಮನುಷ್ಯನ ಟೈಟಿನ್ ಜೀನಿನಲ್ಲಿ 360ಕ್ಕೂ ಜಾಸ್ತಿ ಬೇಕಾದ ತುಂಡುಗಳಿವೆ, ಮೇಷ್ಟ್ರು ಹೇಳಿದರಲ್ಲ, ಆ ತುಂಡುಗಳು. ಟೈಟಿನ್ನಿನ ಮುಖ್ಯ ಕೆಲಸ ಎಲಾಸ್ಟಿಕ್‌ನದು. ಹೃದಯ ರಕ್ತ ತುಂಬಿಕೊಂಡು ಹಿಗ್ಗುವಾಗ ತಾನೂ ಹಿಗ್ಗಬೇಕು, ಆದರೆ ಒಂದು ಮಟ್ಟದ ಮೇಲೆ ಹಿಡಿದುಕೊಳ್ಳಬೇಕು.

ಲಂಗದ ನಡುಪಟ್ಟಿಗೆ ಎಲಾಸ್ಟಿಕ್ ಹಾಕುವುದು ನೋಡಿದ್ದೀರಲ್ಲ. ಉದ್ದ ಎಲಾಸ್ಟಿಕ್ ಹಾಕಿದರೆ ಸಡಿಲ, ಗಿಡ್ಡ ಹಾಕಿದರೆ ಬಿಗಿ. ಹೊಟ್ಟೆಯೊಳಗಿರುವ ಮಗುವಿನ ಹೃದಯದಲ್ಲಿ ಉದ್ದದ ಟೈಟಿನ್ ಇರುತ್ತದೆ. ಹುಟ್ಟಿದ ಮೇಲೆ ಒತ್ತಡ ಏರುತ್ತದೆ, ಬಿಗಿಯಾದದ್ದು ಬೇಕಾಗುತ್ತದೆ. ಆಗ ನಡುವಿನ ಎಷ್ಟೋ ತುಂಡುಗಳನ್ನು ಬಿಟ್ಟು ಗಿಡ್ಡ ಟೈಟಿನ್ ತಯಾರಾಗುತ್ತದೆ. ಇಲಿಯಲ್ಲಿ ಈ ಬದಲಾವಣೆ ಹುಟ್ಟಿದ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. "ಈ ತುಂಡು ಬಿಡು, ಇದನ್ನೂ ಬಿಡು" ಅಂತ ಹೇಳುವುದು ಆರ್‌ಬಿಎಂ20. ಅದು ಕತ್ತರಿ ಅಲ್ಲ. ಕತ್ತರಿ ಎಲ್ಲ ಜೀವಕೋಶದಲ್ಲೂ ಇದೆ. ಆರ್‌ಬಿಎಂ20 ಆರ್‌ಎನ್‌ಎ ಮೇಲೆ ಕೂತು, ಎಲ್ಲಿ ಕತ್ತರಿಸಬೇಕು ಅಂತ ಗುರುತು ಹಾಕಿಕೊಡುತ್ತದೆ.

ಇದು ಗೊತ್ತಾದದ್ದು ಹೇಗೆ ಅಂದರೆ, ಇಲಿಯಿಂದ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ, ಮ್ಯಾಡಿಸನ್‌ನಲ್ಲಿ, ಮೇರಿಯನ್ ಗ್ರೀಸರ್ ಅಂತ ಒಬ್ಬರು ಪ್ರೊಫೆಸರ್ ಇದ್ದರು. ಅವರದು ಮಾಂಸ ಮತ್ತು ಸ್ನಾಯುವಿನ ವಿಜ್ಞಾನ, ಪಶು ವಿಜ್ಞಾನದ ಕಡೆಯವರು. ಟೈಟಿನ್ ಎಷ್ಟು ದೊಡ್ಡದೆಂದರೆ, ಪ್ರೋಟೀನ್‌ಗಳನ್ನು ಗಾತ್ರದ ಮೇಲೆ ಬೇರ್ಪಡಿಸುವ ಮಾಮೂಲಿ ಜೆಲ್‌ನೊಳಗೆ ಅದು ಇಳಿಯುವುದೇ ಕಷ್ಟ. ಅವರ ಲ್ಯಾಬ್ 2003ರಲ್ಲಿ ಅದಕ್ಕೆ ಅಂತಲೇ ಅಗರೋಸ್ ಜೆಲ್ ಮಾಡುವ ವಿಧಾನ ಬರೆಯಿತು. ನಾನು ಇದ್ದದ್ದು ಬೇರೆ ಲ್ಯಾಬ್, ಆದರೆ ನಾವೂ ಅದೇ ವಿಧಾನ ಅನುಸರಿಸುತ್ತಿದ್ದೆವು. ಗಾಜಿನ ತಟ್ಟೆಗಳನ್ನು ಮೊದಲು ಓವನ್‌ನಲ್ಲಿ ಬಿಸಿ ಮಾಡಬೇಕು, ಇಲ್ಲದಿದ್ದರೆ ಹೊಯ್ಯುವಾಗಲೇ ಅರ್ಧಕ್ಕೆ ಹೆಪ್ಪುಗಟ್ಟುತ್ತದೆ. ಒಂದು ಪರ್ಸೆಂಟ್ ಅಗರೋಸ್ ಅಂದರೆ ಎಳನೀರಿನ ಗಂಜಿಯಷ್ಟು ಮೆತ್ತಗೆ. ನಿಲ್ಲಿಸಿದರೆ ಜಾರಿ ಬೀಳುತ್ತದೆ, ಅದಕ್ಕೇ ಕೆಳಗೆ ಗಟ್ಟಿ ಅಕ್ರಿಲಮೈಡಿನ ಬಿರಡೆ ಹಾಕುತ್ತಾರೆ. ಬಫರಿಗೆ ಮರ್ಕ್ಯಾಪ್ಟೋಎಥನಾಲ್ ಸೇರಿಸಿದಾಗ ಕೊಳೆತ ಮೊಟ್ಟೆಯ ವಾಸನೆ ಕೂದಲಿಗೆ ಹತ್ತುತ್ತಿತ್ತು. ಸಂಜೆ ಬಣ್ಣ ಹಾಕಿ ತೊಳೆದರೆ ಮೇಲ್ಗಡೆ ತೆಳ್ಳನೆಯ ಗೆರೆಗಳು ಕಾಣುತ್ತವೆ. ಹೆಚ್ಚು ಉದ್ದದ ಟೈಟಿನ್ ಮೇಲೇ ನಿಲ್ಲುತ್ತದೆ, ಗಿಡ್ಡದ್ದು ಸ್ವಲ್ಪ ಕೆಳಗಿಳಿಯುತ್ತದೆ. ಸ್ಯಾಂಪಲ್ ಸರಿಯಾಗಿ ಇಡದಿದ್ದರೆ ಟೈಟಿನ್ ಒಡೆದು ಕೆಳಗೆ ಇನ್ನೊಂದು ಗೆರೆ ಬರುತ್ತದೆ. ಆವತ್ತಿನ ಕೆಲಸವೆಲ್ಲ ನೀರುಪಾಲು.

ಗ್ರೀಸರ್ ಅವರ ಲ್ಯಾಬಿನವರು ಹೀಗೆ ಇಲಿಗಳ ಹೃದಯ ನೋಡುತ್ತಿದ್ದಾಗ ಕೆಲವು ಇಲಿಗಳಲ್ಲಿ ಗೆರೆ ಇರಬೇಕಾದ ಜಾಗಕ್ಕಿಂತ ತುಂಬಾ ಮೇಲೆ ಕಂಡಿತು. ದೊಡ್ಡ ಇಲಿ, ಆದರೆ ಟೈಟಿನ್ ಮರಿಯದಕ್ಕಿಂತಲೂ ಉದ್ದ. ಜೀನಿಗೆ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದೇ ಪ್ರತಿ ಕೆಟ್ಟ ಇಲಿಗಳಲ್ಲಿ ನಡುವಿನ ಗಾತ್ರ. ಯಾರೂ ಬೇಕೆಂದು ಮಾಡಿದ್ದಲ್ಲ, ತಾನಾಗಿ ಆದ ಬದಲಾವಣೆ. 2008ರಲ್ಲಿ ಅದನ್ನು ಪ್ರಕಟಿಸಿದರು. ಟೈಟಿನ್ ಜೀನಿನಲ್ಲೇ ತಪ್ಪಿರಬಹುದು ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ. ಅಲ್ಲಿರಲಿಲ್ಲ. ತಪ್ಪು ಬೇರೆ ಕ್ರೋಮೋಸೋಮಿನಲ್ಲಿತ್ತು.

ಇತ್ತ ಇಲಿಗಳ ಸುದ್ದಿಯೇ ಇಲ್ಲದೆ, 2009ರಲ್ಲಿ ಮಿನೆಸೋಟಾದ ಮೇಯೋ ಕ್ಲಿನಿಕ್‌ನವರು ಹಿಗ್ಗಿದ ಹೃದಯದ ಕಾಯಿಲೆ ಇದ್ದ ಎಂಟು ಕುಟುಂಬಗಳಲ್ಲಿ ಆರ್‌ಬಿಎಂ20 ಬದಲಾಗಿರುವುದನ್ನು ಕಂಡುಹಿಡಿದರು. ಮನುಷ್ಯರಲ್ಲಿ ಕಂಡದ್ದು ಮೊದಲು! ಆದರೆ ಆ ಜೀನ್ ಹೃದಯದಲ್ಲಿ ಏನು ಮಾಡುತ್ತದೆ ಅನ್ನುವುದು ಆಗ ತಿಳಿದಿರಲಿಲ್ಲ.

2012ರಲ್ಲಿ ಎರಡೂ ದಾರಿ ಕೂಡಿದವು. ಗ್ರೀಸರ್ ಅವರ ಲ್ಯಾಬಿನ ವೇಯ್ ಗುವೋ, ಬರ್ಲಿನ್‌ನ ನಾರ್ಬರ್ಟ್ ಹ್ಯೂಬ್ನರ್ ಮತ್ತವರ ಜೊತೆಯವರು ಸೇರಿ, ಆ ಇಲಿಗಳಲ್ಲಿ ಕಳೆದುಹೋಗಿದ್ದು ಆರ್‌ಬಿಎಂ20 ಜೀನೇ ಅಂತ ತೋರಿಸಿದರು. ಸುಮಾರು 95,000 ಅಕ್ಷರ ಡಿಎನ್‌ಎ ಬಿದ್ದುಹೋಗಿತ್ತು. ಜೀನಿನ 14 ತುಂಡುಗಳಲ್ಲಿ 2ರಿಂದ 14ರವರೆಗೆ ಇಲ್ಲವೇ ಇಲ್ಲ. ಆ ಇಲಿಗಳ ಹೃದಯ ಹಿಗ್ಗಿತ್ತು, ಗಾಯದ ಕಲೆಯಂಥ ನಾರು ಬೆಳೆದಿತ್ತು, ಕೆಲವು ಇದ್ದಕ್ಕಿದ್ದಂತೆ ಸಾಯುತ್ತಿದ್ದವು. ಅದೇ ಕೆಲಸದಲ್ಲಿ ಒಬ್ಬ ರೋಗಿಯ ಹೃದಯವನ್ನೂ ನೋಡಿದರು. ಅವರ ಬದಲಾವಣೆ ಇದ್ದದ್ದು 635ನೇ ಜಾಗದಲ್ಲಿ. ನಿಮ್ಮ ಅಣ್ಣನದು 636, ಪಕ್ಕದ ಮನೆ. ಇಲಿಯಲ್ಲೂ ಆ ಮನುಷ್ಯನಲ್ಲೂ ಟೈಟಿನ್ ಒಂದೇ ರೀತಿ ತಪ್ಪಾಗಿ ಜೋಡಣೆ ಆಗಿತ್ತು. ಟೈಟಿನ್ ಅಲ್ಲದೆ ಇನ್ನೂ 30 ಜೀನ್‌ಗಳು ಎರಡರಲ್ಲೂ ಆರ್‌ಬಿಎಂ20 ಹೇಳಿದಂತೆ ಕೇಳುತ್ತವೆ ಅಂತಲೂ ಸಿಕ್ಕಿತು. ಅವುಗಳಲ್ಲಿ ಕೆಲವು ಹೃದಯಕೋಶದಲ್ಲಿ ಕ್ಯಾಲ್ಸಿಯಂ ಓಡಾಟ ನೋಡಿಕೊಳ್ಳುವಂಥವು. ಕ್ಯಾಲ್ಸಿಯಂ ಹದ ತಪ್ಪಿದರೆ ಬಡಿತದ ಲಯ ತಪ್ಪುತ್ತದೆ. ಅಂದರೆ ಈ ಜೀನಿನ ತೊಂದರೆ ಬರೀ ಪಂಪಿಂಗ್ ಕಮ್ಮಿ ಆಗುವುದಲ್ಲ, ಲಯವೂ ಕೆಡುತ್ತದೆ. ನಿಮ್ಮ ಅಣ್ಣ ಡ್ರಮ್ಮಿನ ಪಕ್ಕ ಕುಸಿದದ್ದು ಓದಿದಾಗ ನನಗೆ ಇದೇ ನೆನಪಾಯಿತು. ಡಾಕ್ಟರಿಗೆ ಆ ದಿನದ ವಿಷಯ ಬಿಡಿಸಿ ಹೇಳಿದ್ದೀರಾ?

"ಇಲಿಯ ಮೇಲೆ ಮಾಡಿದ್ದನ್ನು ಮನುಷ್ಯರಿಗೆ ಹಚ್ಚುತ್ತಾರೆ" ಅಂದವರಿಗೆ ಹೇಳಿ. ಇಲ್ಲಿ ಹಾಗಾಗಿಲ್ಲ. ಕಾಯಿಲೆ ಮನುಷ್ಯರ ಮನೆಗಳಲ್ಲೇ ಸಿಕ್ಕಿದ್ದು. ಅದು ಯಾಕೆ ಬರುತ್ತದೆ ಅಂತ ಇಲಿ ತೋರಿಸಿಕೊಟ್ಟಿತು. ಮಾತ್ರೆ ಬಿಡಬೇಡ ಅಂತ ಅಣ್ಣನಿಗೆ ದಯವಿಟ್ಟು ಹೇಳಿ.

ಸಾಗರದ ತೋಟ

ಅಕ್ಕಾ, ಎರಡು ಸಲ ಓದಿದೆ. ಅತ್ತಿಗೆಗೂ ಓದಿ ಹೇಳಿದೆ. ಎಲಾಸ್ಟಿಕ್ ವಿಷಯ ಅವರಿಗೆ ನನಗಿಂತ ಬೇಗ ಅರ್ಥವಾಯಿತು, ಮನೆಯಲ್ಲಿ ಹೊಲಿಗೆ ಮಷಿನ್ ಇದೆ. ಕುಸಿದದ್ದನ್ನು ಡಾಕ್ಟರಿಗೆ "ತಲೆ ಸುತ್ತು ಬಂತು" ಅಂತ ಅಣ್ಣನೇ ಹೇಳಿದ್ದನಂತೆ. ಪ್ರಜ್ಞೆ ತಪ್ಪಿತ್ತು ಅಂತ ಹೇಳಿಲ್ಲ. ನಾಳೆಯೇ ಫೋನ್ ಮಾಡುತ್ತೇನೆ.

ಒಂದು ಅನುಮಾನ ಉಳಿದಿದೆ. ಇಲಿಯಲ್ಲಿ ಜೀನ್ ಪೂರ್ತಿ ಹೋಗಿತ್ತು. ಅಣ್ಣನಲ್ಲಿ ಒಂದೇ ಜಾಗ ಬದಲಾಗಿದೆ, ಅದೂ ಒಂದು ಪ್ರತಿಯಲ್ಲಿ. ಇನ್ನೊಂದು ಪ್ರತಿ ಸರಿಯಿದೆ ಅಂತ ರಿಪೋರ್ಟ್ ಹೇಳುತ್ತದೆ. ಹಾಗಾದರೆ ಇಲಿಗಿಂತ ಕಮ್ಮಿ ತೊಂದರೆ ಇರಬೇಕಲ್ಲ?

ಲಿಂಗಾಂಬುಧಿ ದಂಡೆ

ಹಾಗೆ ಅನಿಸುವುದು ಸಹಜ. ನಾವೂ ಲ್ಯಾಬಿನಲ್ಲಿ ಮೊದಲು ಹಾಗೇ ಅಂದುಕೊಂಡಿದ್ದೆವು. ಆದರೆ ಇದು ಹಾಗಿಲ್ಲ, ಮತ್ತು ಇಲ್ಲಿ ಇಲಿಯ ಕತೆ ಸಾಲುವುದಿಲ್ಲ.

ಆರ್‌ಬಿಎಂ20 ಪ್ರೋಟೀನಿನಲ್ಲಿ 1,227 ಅಮೈನೋ ಆಮ್ಲಗಳು ಸಾಲಾಗಿವೆ, ರಿಪೋರ್ಟಿನ ಅರ್ಜಿನೈನ್, ಸೆರಿನ್ ಅಂಥವೇ. ಅದರಲ್ಲಿ 634ರಿಂದ 638ರವರೆಗಿನ ಐದು ಬಹಳ ಸೂಕ್ಷ್ಮದ ಜಾಗ. ಮೇಯೋದವರಿಗೆ ಸಿಕ್ಕ ಬದಲಾವಣೆಗಳೂ ಇದೇ ಭಾಗದವು. ಪ್ರೋಟೀನ್ ತನ್ನ ಕೆಲಸ ಮಾಡಬೇಕಾದರೆ ಕೋಶದ ನ್ಯೂಕ್ಲಿಯಸ್ ಒಳಗೆ ಹೋಗಬೇಕು, ಸ್ಪ್ಲೈಸಿಂಗ್ ನಡೆಯುವುದು ಅಲ್ಲೇ. ಈ ಐದರಲ್ಲಿ ಒಂದು ಕೆಟ್ಟರೆ ಒಳಗೆ ಹೋಗಲಾಗದೆ ಹೊರಗೇ ಉಳಿಯುತ್ತದೆ. ಬರೀ ಉಳಿದರೆ ಇಲಿಯ ಹಾಗೇ ಆಗುತ್ತಿತ್ತು. ಆದರೆ ಹೊರಗೆ ಅದು ಗಂಟು ಗಂಟಾಗಿ ಕೂಡಿಕೊಳ್ಳುತ್ತದೆ, ಆರ್‌ಎನ್‌ಎಗಳನ್ನೂ ಬೇರೆ ಪ್ರೋಟೀನ್‌ಗಳನ್ನೂ ಸೇರಿಸಿಕೊಂಡು. 2020ರಲ್ಲಿ ಹಂದಿಗಳಲ್ಲಿ ಇದನ್ನು ತೋರಿಸಿದರು. ಅವರು ಹಂದಿಯಲ್ಲಿ ಮಾಡಿದ ಬದಲಾವಣೆ ನಿಮ್ಮ ಅಣ್ಣನದೇ, 636ರಲ್ಲಿ ಸೆರಿನ್. ಕೆಲಸ ನಿಂತದ್ದು ಒಂದು ತೊಂದರೆ, ಹೊರಗೆ ಗಂಟು ಕಟ್ಟಿದ್ದು ಇನ್ನೊಂದು ತೊಂದರೆ. ಅದಕ್ಕೇ ಒಂದು ಪ್ರತಿ ಸರಿಯಿದ್ದರೂ ಸಾಲುವುದಿಲ್ಲ.

ಇದು ಕೇಳಲು ಕಷ್ಟ ಅಂತ ಗೊತ್ತು. ಮುಚ್ಚಿಟ್ಟರೆ ನಿಮಗೆ ಅನ್ಯಾಯ ಮಾಡಿದಂತೆ ಆಗುತ್ತದೆ, ಅದಕ್ಕೇ ಬರೆದೆ.

ಇನ್ನೊಂದನ್ನೂ ಹೇಳಬೇಕು. ಅಣ್ಣನ ಬದಲಾವಣೆಗೆ ಹೆಸರು, ನಂಬರ್ ಸಿಕ್ಕಿದೆ. 2022ರಲ್ಲಿ ಡಲ್ಲಾಸ್‌ನ ಒಂದು ತಂಡ ಜೀನ್ ತಿದ್ದುವ ವಿಧಾನದಿಂದ ಇದೇ 636ರ ಸೆರಿನ್ ಬದಲಾವಣೆಯನ್ನು ಡಿಶ್‌ನಲ್ಲಿ ಬೆಳೆಸಿದ ಮನುಷ್ಯರ ಹೃದಯಕೋಶದಲ್ಲಿ ಸರಿಪಡಿಸಿತು. 636ರಲ್ಲೇ ಬೇರೆ ಬದಲಾವಣೆ ಇದ್ದ ಸುಂಡಿಲಿಗಳ ಹೃದಯವೂ ಚೇತರಿಸಿಕೊಂಡಿತು. ಇದು ಆಸ್ಪತ್ರೆಯಲ್ಲಿ ಸಿಗುವ ಚಿಕಿತ್ಸೆ ಅಲ್ಲ, ಚಿಕಿತ್ಸೆ ಅಂತ ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿ. ಆದರೆ ಕೆಲಸ ನಡೆದಿದೆ. ಅಣ್ಣನಿಗೆ ಹೇಳಿ.

ಎಕೋ ರೂಮು

ನಾನು ಹದಿನಾಲ್ಕು ವರ್ಷದಿಂದ ಎಕೋ ಟೆಕ್ನಿಷಿಯನ್. ಅಕ್ಕ ಹೇಳಿದ್ದು ವಿಜ್ಞಾನ, ನಾನು ಓಡಾಟದ ವಿಷಯ ಹೇಳುತ್ತೇನೆ.

ಇದು ಒಂದು ಪ್ರತಿ ಬಂದರೂ ಸಾಕಾಗುವಂಥದ್ದು. ಹಾಗಾಗಿ ಅಣ್ಣನ ಒಂದೊಂದು ಮಗುವಿಗೂ ಇದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ, ಗಂಡಾಗಲಿ ಹೆಣ್ಣಾಗಲಿ. ಅಪ್ಪನಿಂದ ಬಂದಿದ್ದರೆ ನಿಮಗೂ ಅಷ್ಟೇ. ನಿಮ್ಮಿಬ್ಬರನ್ನು ಬಿಟ್ಟು ಅಕ್ಕ ತಂಗಿ ಇದ್ದರೆ ಅವರೂ ಬರಬೇಕು. ಪೂರ್ತಿ ಜೀನ್ ಟೆಸ್ಟ್ ಬೇಡ, ಅಣ್ಣನ ರಿಪೋರ್ಟ್ ತೋರಿಸಿ ಆ ಒಂದೇ ಜಾಗವನ್ನು ನೋಡಿಸಿದರೆ ಸಾಕು, ಖರ್ಚೂ ಕಮ್ಮಿ. ಅದಕ್ಕೆ ಮೊದಲು ಜೆನೆಟಿಕ್ ಕೌನ್ಸೆಲರ್ ಜೊತೆ ಕೂತು ಮಾತಾಡಿ, ಅದರಲ್ಲೂ ಮಕ್ಕಳ ವಿಷಯಕ್ಕೆ. ಜೊತೆಗೆ ಎಲ್ಲರಿಗೂ ಇಸಿಜಿ, ಎಕೋ, 24 ಗಂಟೆಯ ಹೋಲ್ಟರ್ (ಮೈಮೇಲೆ ಕಟ್ಟಿಕೊಂಡು ಬಡಿತ ದಾಖಲಿಸುವ ಮಷಿನ್). ಹೋಲ್ಟರ್ ಬಿಡಬೇಡಿ. ಎಕೋ ಚೆನ್ನಾಗಿದ್ದೂ ಲಯ ತಪ್ಪುತ್ತಿರುವುದು ಅದರಲ್ಲೇ ಸಿಗುವುದು.

ಅಣ್ಣನಿಗೆ ಎದೆಯೊಳಗೆ ಮಷಿನ್ ಹಾಕುವ ಮಾತು ಬರಬಹುದು. ಐಸಿಡಿ ಅನ್ನುತ್ತಾರೆ, ಲಯ ಪೂರ್ತಿ ಕೆಟ್ಟಾಗ ಒಳಗಿನಿಂದಲೇ ಶಾಕ್ ಕೊಟ್ಟು ಸರಿ ಮಾಡುತ್ತದೆ. ಬೇಕೋ ಬೇಡವೋ ಡಾಕ್ಟರು ಹೇಳಲಿ. ಪ್ರಜ್ಞೆ ತಪ್ಪಿ ಬಿದ್ದಿದ್ದನ್ನು ಅವರಿಗೆ ಹೇಳದೆ ಅದು ತೀರ್ಮಾನ ಆಗುವುದಿಲ್ಲ. ಅಕ್ಕ ಕೇಳಿದ ಆ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ.

ಒಂದು ಎಚ್ಚರಿಕೆ. ನೆಂಟರಲ್ಲಿ ಯಾರಾದರೂ "ನಮ್ಮ ಮನೆಯಲ್ಲೂ ಹಾರ್ಟ್ ಜೀನ್ ಬಂದಿದೆ" ಅಂದರೆ ಇದೇ ಅಂತ ತಿಳಿಯಬೇಡಿ. ನಮ್ಮ ಉಪಖಂಡದಲ್ಲಿ ಎಂವೈಬಿಪಿಸಿ3 ಅನ್ನುವ ಬೇರೆ ಜೀನಿನಲ್ಲಿ 25 ಅಕ್ಷರ ಬಿದ್ದುಹೋದವರು ನೂರಕ್ಕೆ ಸುಮಾರು ನಾಲ್ಕು ಜನ ಇದ್ದಾರೆ ಅಂತ 2009ರಲ್ಲಿ ಗೊತ್ತಾಯಿತು. ಅದೂ ಸ್ಪ್ಲೈಸಿಂಗ್ ಕೆಡಿಸುವಂಥದ್ದೇ, ಆದರೆ ಕತೆ ಬೇರೆ. ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ.

ಅಪ್ಪನ ಹಳೇ ಇಸಿಜಿ ಏನಾದರೂ ಮನೆಯಲ್ಲಿ ಇದೆಯಾ? ಇದ್ದರೆ ತೆಗೆದುಕೊಂಡು ಹೋಗಿ.

ಸಾಗರದ ತೋಟ

ಡಾಕ್ಟರಿಗೆ ಫೋನ್ ಮಾಡಿದೆ. ಕುಸಿದ ವಿಷಯ ಕೇಳಿ ಈ ಗುರುವಾರವೇ ಬನ್ನಿ ಅಂದರು. ಅಣ್ಣನಿಗೆ ಇಲಿಯ ಕತೆ ಹೇಳಿದೆ, ಜೆಲ್‌ನಲ್ಲಿ ಗೆರೆ ಮೇಲೆ ನಿಂತದ್ದನ್ನೂ. ಪೂರ್ತಿ ಕೇಳಿದ. "ಹಂಗಾದರೆ ಅಪ್ಪಂಗೂ ಇದೇ ಆಗಿತ್ತೇನೋ" ಅಂದ. ಆಮೇಲೆ ಎದ್ದು ಹೋಗಿ ಮಾತ್ರೆ ತೆಗೆದುಕೊಂಡ. ಗುರುವಾರ ನಾನೂ ಹೋಲ್ಟರ್ ಹಾಕಿಸಿಕೊಳ್ಳುತ್ತೇನೆ. ಮಕ್ಕಳದ್ದು ಕೌನ್ಸೆಲರ್ ಜೊತೆ ಮಾತಾಡಿ ಆಮೇಲೆ.

ಅಪ್ಪನ ಟ್ರಂಕಿನಲ್ಲಿ ಪಹಣಿಗಳ ಕೆಳಗೆ ಒಂದು ಇಸಿಜಿ ಸಿಕ್ಕಿತು, ಉದ್ದ ಪಟ್ಟಿ, ಮಡಚಿ ಇಟ್ಟಿದ್ದರು. ಹೆಸರು ಮಾಸಿದೆ. ಗೆರೆ ತೆಳ್ಳಗೆ ಕಾಣುತ್ತದೆ.

ಎಕೋ ರೂಮು

ಆ ಕಾಗದ ಬಿಸಿಗೆ, ಬೆಳಕಿಗೆ ಇನ್ನೂ ಮಾಸುತ್ತದೆ. ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ, ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ. ಈಗಲೇ ನೆರಳಿನಲ್ಲಿ ಹರವಿ ಫೋಟೋ ತೆಗೆದುಕೊಳ್ಳಿ, ಆಮೇಲೆ ಒಂದು ಬಿಳಿ ಹಾಳೆಯ ನಡುವೆ ಇಟ್ಟು ತನ್ನಿ.